ಹಿಂದಲೆಯ ಕೂದಲು

ಜನವರಿ 9

ದೊಡ್ಡೋನೇ,

ಹರಿದು ಹಾಕೋದಕ್ಕೆ ಮುಂಚೆ ಒಂದು ಸಲ ಓದು. ಫೋನ್ ಮಾಡಿದ್ರೆ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡ್ತೀಯ. ಕಾಗದ ಆದ್ರೆ ಕೊನೇಪಕ್ಷ ಯಾರದ್ದು ಅಂತ ನೋಡೋಕಾದ್ರೂ ಬಿಚ್ತೀಯ. ಬಟ್ಟೆ ಅಂಗಡಿ ವಿಳಾಸಕ್ಕೆ ಹಾಕಿದೀನಿ, ಮನೆಗಲ್ಲ. ಅಮ್ಮನ ಕೈಗೆ ಸಿಗಬಾರದು.

ನಾನೀಗ ಒಂದು ದೊಡ್ಡ ಲಾಂಡ್ರಿಯಲ್ಲಿದೀನಿ. ಹೋಟೆಲು, ಆಸ್ಪತ್ರೆಗಳ ಚಾದರ, ದಿಂಬಿನ ಚೀಲ, ಟವೆಲ್ಲು, ಎಲ್ಲ ಲಾರಿಯಲ್ಲಿ ಬರುತ್ತೆ. ನಗಬೇಡ. ಮನೇಲಿ ನನ್ನ ಬನಿಯನ್ನು ನಾನೇ ಒಗೆದವನಲ್ಲ, ಇಲ್ಲಿ ಊರಿನವರದ್ದೆಲ್ಲ ಒಗೀತೀನಿ. ಅದಕ್ಕೆ ಮುಂಚೆ ಕೊರಿಯರ್, ಅದಕ್ಕೂ ಮುಂಚೆ ಪೆಟ್ರೋಲ್ ಬಂಕು. ನನ್ನ ಕಾಲು ಒಂದು ಕಡೆ ನಿಲ್ಲಲ್ಲ ಅಂತ ನಿನಗೆ ಗೊತ್ತೇ ಇದೆ. ಈಗ ನಿಂತಿದೆ. ನಿಲ್ಲಿಸಿದ್ದು ಏನು ಅಂತ ಹೇಳ್ತೀನಿ.

ಒಂದೂವರೆ ವರ್ಷದ ಹಿಂದಿನ ಮಾತು. ಚಾದರ ಇಸ್ತ್ರಿ ಮಾಡೋ ಉರುಳೆಯೊಳಗೆ ಒಂದು ದಿಂಬಿನ ಚೀಲ ಸಿಕ್ಕಿಹಾಕಿಕೊಂಡಿತ್ತು. ಬಗ್ಗಿ ಎಳೀತಿದ್ದೆ. ಮೇಲೆ ಹಬೆ ಪೈಪಿನ ಜೋಡಣೆ ಕಿತ್ತುಕೊಂಡು ಬಂತು. ಬಗ್ಗಿದ್ದಕ್ಕೆ ಮುಖ ಉಳೀತು, ತಲೆ ಹೋಯ್ತು. ಹಣೆಯಿಂದ ನೆತ್ತಿಯವರೆಗೆ, ಬಲಗಿವಿಯ ಮೇಲೆ, ಹಿಂದಲೆಯಲ್ಲೂ ಅರ್ಧ. ಈಗ ಅಲ್ಲಿ ಕೂದಲಿಲ್ಲ, ಕೂದಲು ಬರೋ ಚರ್ಮಾನೇ ಇಲ್ಲ. ಕೆಂಪಗೆ, ಹೊಳೆಯೋ ಹಾಗೆ, ಕಾದ ಪ್ಲಾಸ್ಟಿಕ್ಕು ತಣ್ಣಗಾದ ಮೇಲೆ ಸುಕ್ಕುಗಟ್ಟುತ್ತಲ್ಲ, ಹಾಗಿದೆ.

ಮುಖ ಮಾತ್ರ ನಿಂದೇ. ಕನ್ನಡಿಯಲ್ಲಿ ಹುಬ್ಬಿನಿಂದ ಕೆಳಗೆ ನೀನು ಕಾಣಿಸ್ತೀಯ, ಹುಬ್ಬಿನಿಂದ ಮೇಲೆ ಯಾರೋ.

ಅಮ್ಮನಿಗೆ ಹೇಳಬೇಡ. ಅವಳ ಎದೆ ಗಟ್ಟಿ ಇಲ್ಲ.

ಇಂತಿ,
ಚಿಕ್ಕೋನು


ಫೆಬ್ರವರಿ 2

ಚಿಕ್ಕೋನಿಗೆ,

ಕಾಗದ ತಲುಪಿತು. ಓದಿದೆ. ಅಮ್ಮನಿಗೆ ಹೇಳಿಲ್ಲ. ಯಾವುದೇ ಸುದ್ದಿ ಒಮ್ಮೆಲೇ ಹೇಳಬೇಡಿ, ಎದೆ ತಡೆಯಲ್ಲ ಅಂತ ಇಲ್ಲಿನ ಡಾಕ್ಟರು ಹೇಳಿದ್ದಾರೆ. ನೀನು ಚೆನ್ನಾಗಿದ್ದೀಯ, ರಜೆ ಸಿಗುತ್ತಿಲ್ಲ ಅಂದುಕೊಂಡಿದ್ದಾಳೆ. ಹಾಗೇ ಇರಲಿ.

ನಿನಗೆ ಆದದ್ದು ಕೆಟ್ಟದ್ದೇ. ಆದರೆ ನೀನು ಒಂದು ಸಾಲು ನನ್ನ ಬಗ್ಗೆ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಬಸ್ ಸ್ಟ್ಯಾಂಡಿನಲ್ಲಿ ಆ ಡ್ರೈವರಿಗೆ ಬಾಟಲಿಯಲ್ಲಿ ಹೊಡೆದು ನೀನು ರಾತ್ರಿಯೇ ಓಡಿಹೋದೆ. ಅವನ ಎಡಗಣ್ಣು ಹೋಯಿತು. ಬೆಳಿಗ್ಗೆ ಅವನ ತಮ್ಮಂದಿರು ನನ್ನ ಟೈಲರ್ ಅಂಗಡಿಗೆ ಬಂದರು. ನಾನಲ್ಲ, ನನ್ನ ಜೊತೆ ಹುಟ್ಟಿದವನು ಅಂದೆ. ನನ್ನ ಮುಖ ನೋಡಿ ನಕ್ಕರು. ಬಲಗೈಯನ್ನು ಕತ್ತರಿಸುವ ಮೇಜಿನ ಮೇಲಿಟ್ಟು ಇಸ್ತ್ರಿಪೆಟ್ಟಿಗೆಯಿಂದ ಕುಟ್ಟಿದರು. ಎರಡು ಬೆರಳು ಈಗಲೂ ಮಡಚೋಕೆ ಬರಲ್ಲ. ಕತ್ತರಿ ಹಿಡಿಯೋಕೆ ಆಗಲ್ಲ. ಈಗ ಬೇರೆಯವರ ಬಟ್ಟೆ ಅಂಗಡಿಯಲ್ಲಿ ಮೀಟರು ಹಿಡಿದು ಅಳೆದು ಕೊಡುತ್ತೇನೆ.

ಮದ್ದು ಸರಿಯಾಗಿ ಹಚ್ಚಿಕೋ.

ಇಂತಿ,
ನಿನ್ನ ಜೊತೆ ಹುಟ್ಟಿದವನು


ಫೆಬ್ರವರಿ 11

ದೊಡ್ಡೋನೇ,

ಬೆರಳಿನ ವಿಷಯ ಗೊತ್ತಿತ್ತು ಕಣೋ. ಗೊತ್ತಿದ್ದೇ ಕೇಳಲಿಲ್ಲ. ಕೇಳಿ ಏನಂತ ಬರೀಲಿ?

ಈಗ ಬಯ್ಕೋತೀಯೋ ಬಿಡ್ತೀಯೋ, ಬಂದ ವಿಷಯಾನೇ ಹೇಳಿಬಿಡ್ತೀನಿ.

ಇಲ್ಲಿ ಸುಟ್ಟ ಚರ್ಮದ ಡಾಕ್ಟರೊಬ್ಬರಿದಾರೆ. ಲಾಂಡ್ರಿಯ ವಿಮೆಯವರು ಅವರ ಹತ್ತಿರ ಕಳಿಸಿದ್ದು. ಮೊದಲು ಅವರು ಬಲೂನ್ ಹಾಕಿ ನೋಡಿದ್ರು. ಕೂದಲಿರೋ ಚರ್ಮದ ಕೆಳಗೆ ಒಂದು ಖಾಲಿ ಚೀಲ ಇಡೋದು, ವಾರಕ್ಕೊಂದು ಸಲ ಸೂಜಿಯಲ್ಲಿ ಉಪ್ಪುನೀರು ತುಂಬೋದು. ಚರ್ಮ ಹಿಗ್ಗುತ್ತೆ, ಹಿಗ್ಗಿದ್ದನ್ನ ಎಳೆದು ಕಲೆಯ ಮೇಲೆ ಹೊದಿಸೋದು. ಎಡಗಿವಿ ಮೇಲೆ ಇನ್ನೊಂದು ತಲೆ ಹುಟ್ಟಿದ ಹಾಗಾಯ್ತು. ಲಾಂಡ್ರಿಯಲ್ಲಿ ಒಬ್ಬ, "ಏನೋ, ಇನ್ನೊಬ್ಬ ಅವಳಿ ಬರ್ತಿದಾನಾ?" ಅಂದ. ನಾನೂ ನಕ್ಕೆ. ಆಮೇಲೆ ಕೀವಾಯ್ತು, ಜ್ವರ ಬಂತು. ಕಿತ್ತು ತೆಗೆದ್ರು. ಅಲ್ಲೂ ಒಂದು ಕಲೆ ಉಳೀತು, ಅಷ್ಟೇ ಲಾಭ.

ಕಲೆಯನ್ನ ಸ್ವಲ್ಪ ಸ್ವಲ್ಪ ಕತ್ತರಿಸಿ ಅಂಚಿಗೆ ಅಂಚು ಸೇರಿಸಿ ಹೊಲಿಯೋದು ಇನ್ನೊಂದು ದಾರಿ. ನನ್ನ ಕಲೆ ಅದಕ್ಕೆ ತುಂಬಾ ದೊಡ್ಡದು. ಉಳಿದದ್ದು ನಾಟಿ. ಹಿಂದಲೆಯ ಕೂದಲು ಬೇರು ಸಮೇತ ತೆಗೆದು ಮುಂದೆ ನೆಡೋದು. ಆದ್ರೆ ನನ್ನ ಹಿಂದಲೆಯಲ್ಲಿ ಉಳಿದಿರೋದೇ ಒಂದು ಹಿಡಿ. ಅದನ್ನೂ ಕಿತ್ರೆ ಆ ಕಡೆಗೂ ಬೋಳು.

ಹೋದ ತಿಂಗಳು ಡಾಕ್ಟರು ಕೇಳಿದ್ರು, "ಅಣ್ಣ ತಮ್ಮ ಯಾರಾದ್ರೂ ಇದಾರೇನಪ್ಪ?"

"ಒಬ್ಬ ಇದಾನೆ ಸಾರ್. ಅವಳಿ."

"ನೋಡೋಕೆ ಒಂದೇ ಥರಾನಾ?"

"ನಮ್ಮಪ್ಪ ಇದ್ದಷ್ಟು ದಿನ ನನಗೆ ಬೀಳಬೇಕಾದ ಏಟು ಅರ್ಧ ಅವನಿಗೇ ಬಿದ್ದಿದೆ ಸಾರ್. ಹತ್ತನೇ ಕ್ಲಾಸಲ್ಲಿ ನನ್ನ ಗಣಿತದ ಪೇಪರ್ ಬರೆದಿದ್ದೂ ಅವನೇ. ಯಾರಿಗೂ ಗೊತ್ತಾಗಲಿಲ್ಲ."

ಅವರು ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ರು. ಬೇರೆಯವರ ಕೂದಲು ನೆಟ್ರೆ ಮೈ ಅದನ್ನ ತಳ್ಳಿಹಾಕುತ್ತಂತೆ. ಒಂದೇ ಮೊಟ್ಟೆಯಿಂದ ಒಡೆದ ಅವಳಿಗಳದ್ದಾದ್ರೆ ಮೈಗೆ ಗೊತ್ತೇ ಆಗಲ್ಲವಂತೆ, ತನ್ನದೇ ಅಂದುಕೊಂಡು ಇಟ್ಕೊಳ್ಳುತ್ತಂತೆ. ಮೊದಲು ಇಬ್ಬರ ರಕ್ತ ಪರೀಕ್ಷೆ ಆಗಬೇಕು. ಅಂಥ ನಾಟಿ ಅವರು ಒಂದೂ ಮಾಡಿಲ್ಲ, ಪುಸ್ತಕದಲ್ಲಿ ಓದಿದಾರಂತೆ. ಅದನ್ನೂ ಮುಚ್ಚಿಡದೇ ಹೇಳಿದ್ರು.

ನಿನ್ನ ಹಿಂದಲೆಯಿಂದ ಒಂದು ಪಟ್ಟಿ ಬೇಕು ಕಣೋ. ಕಿವಿಯಿಂದ ಕಿವಿಗೆ, ಬೆರಳಗಲ. ಹೊಲಿದುಬಿಡ್ತಾರೆ, ಮೇಲಿನ ಕೂದಲು ಮುಚ್ಚಿಕೊಳ್ಳುತ್ತೆ.

ಕೂದಲಿಗೆ ಇಷ್ಟು ಗೋಳಾ ಅಂತೀಯ. ಬಿಡಿ ಬಟ್ಟೆ ತರೋರ ಕೌಂಟರಲ್ಲೂ ಕೂರ್ತಿದ್ದ ನನ್ನನ್ನ ಈಗ ನೆಲಮಾಳಿಗೆಗೆ ಹಾಕಿದಾರೆ, ಗಿರಾಕಿಗಳು ನೋಡಿ ಹೆದರ್ತಾರೆ ಅಂತ. ಅದೂ ಇರಲಿ, ಕೊಳಕು ಚಾದರಕ್ಕೆ ನನ್ನ ತಲೆ ನೋಡಿ ಏನೂ ಆಗಲ್ಲ. ಆದ್ರೆ ಅಮ್ಮನ್ನ ನೋಡಬೇಕು. ಈ ತಲೆ ಇಟ್ಕೊಂಡು ಬಾಗಿಲಲ್ಲಿ ನಿಂತ್ರೆ ಅವಳ ಪ್ರಾಣ ಅಲ್ಲೇ ಹೋಗುತ್ತೆ. ಅವಳು ಹೋಗೋದ್ರೊಳಗೆ ಒಂದು ಸಲ ಸರಿಯಾಗಿ ಕಾಣಿಸ್ಕೋಬೇಕು, ಅಷ್ಟೇ.

ಕೊಡ್ತೀಯಾ?

ಚಿಕ್ಕೋನು


ಏಪ್ರಿಲ್ 6

ಚಿಕ್ಕೋನಿಗೆ,

ಉತ್ತರ ತಡವಾಯಿತು. ನಿನ್ನ ಡಾಕ್ಟರು ಹೇಳಿದ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದೇನೆ. ನೇರವಾಗಿ ಅವರಿಗೇ ಕಳಿಸುತ್ತಾರಂತೆ.

ಕೂದಲು ಕೊಡುತ್ತೇನೆ. ಆದರೆ ಒಂದು ವಿಷಯ ನಿನಗೆ ಗೊತ್ತಿರಬೇಕು.

ನಿನ್ನ ಮೊದಲನೇ ಕಾಗದ ಬಂದ ವಾರ ಅದನ್ನು ಜೇಬಿನಲ್ಲಿಟ್ಟುಕೊಂಡು ಡ್ರೈವರನ ಮನೆಗೆ ಹೋದೆ. ಅವನು ಈಗ ಬಸ್ಸು ಓಡಿಸಲ್ಲ, ಒಂದು ಕಣ್ಣಿನವನಿಗೆ ಯಾರೂ ಕೊಡಲ್ಲ. ಬಸ್ ಸ್ಟ್ಯಾಂಡಿನಲ್ಲೇ ಕೂತಿರುತ್ತಾನೆ. ಈ ಮೂರು ವರ್ಷ ನಾನು ಆ ದಾರಿಯಲ್ಲಿ ನಡೆದಿಲ್ಲ. ಅವನ ತಮ್ಮಂದಿರು ಎದುರಿಗೆ ಸಿಕ್ಕರೆ ರಸ್ತೆ ದಾಟುತ್ತಿದ್ದೆ. ಬೆರಳು ಮುರಿದ ಮೇಲೂ ಅವರಿಗೆ ನಾನೋ ನೀನೋ ಅನ್ನುವ ಅನುಮಾನ ಹೋಗಿರಲಿಲ್ಲ.

ಅವರ ಹಜಾರದಲ್ಲಿ ಕೂತು ಹಬೆ ಪೈಪಿನ ಭಾಗ ಓದಿ ಹೇಳಿದೆ. ತಮ್ಮಂದಿರು ನಕ್ಕರು. ಅವರಲ್ಲಿ ಕಿರಿಯವನು, "ಇನ್ನೊಂದು ಸಲ ಓದು" ಅಂದ. ಓದಿದೆ. ಡ್ರೈವರ್ ನಗಲಿಲ್ಲ. "ಹಂಗಾದ್ರೆ ಸರಿಹೋಯ್ತು. ಇನ್ನು ಇವನನ್ನ ಬಿಟ್ಬಿಡಿ" ಅಂದ. ಅವತ್ತಿನಿಂದ ಬಸ್ ಸ್ಟ್ಯಾಂಡಿನ ಮುಂದೆ ನಡೆದು ಅಂಗಡಿಗೆ ಹೋಗುತ್ತಿದ್ದೇನೆ. ಎಷ್ಟು ಹತ್ತಿರದ ದಾರಿ ಅಂತ ಮರೆತೇಹೋಗಿತ್ತು.

ನಿನ್ನ ತಲೆ ತೋರಿಸಿ ನಾನು ರಾಜಿ ಮಾಡಿಕೊಂಡೆ. ಬೇಕಾದರೆ ಬಯ್ಯಿ.

ಈಗ ನೀನು ತುಂಬಿದ ತಲೆಯಲ್ಲಿ, ಇದೇ ಮುಖದಲ್ಲಿ ಇಲ್ಲಿ ಓಡಾಡಿದರೆ ನಾನು ಸುಳ್ಳು ಓದಿದೆ ಅಂತಾಗುತ್ತೆ. ಆಮೇಲೆ ಯಾರ ಕೈಗೆ ಯಾರು ಸಿಗುತ್ತಾರೋ. ಅದಕ್ಕೆ, ಕೂದಲು ಬಂದ ಮೇಲೆ ನೀನು ಈ ಊರಿಗೆ ಕಾಲಿಡಬಾರದು. ಅಮ್ಮನನ್ನು ನಾನೇ ಅಲ್ಲಿಗೆ ಕರೆದುಕೊಂಡು ಬರುತ್ತೇನೆ. ಇದಕ್ಕೆ ಒಪ್ಪಿದರೆ ಬರೆ.

ದೊಡ್ಡೋನು


ಏಪ್ರಿಲ್ 14

ದೊಡ್ಡೋನೇ,

ನಾಲ್ಕು ಕಾಗದ ಬರೆದು ಹರಿದೆ. ನಾಲ್ಕರಲ್ಲೂ ಬರೀ ಬೈಗುಳ. ಆಮೇಲೆ ನಿನ್ನ ಬೆರಳು ಜ್ಞಾಪಕಕ್ಕೆ ಬಂತು.

ಒಪ್ಪಿದೆ. ನಾನು ಬರಲ್ಲ, ನೀನು ಅಮ್ಮನ್ನ ಕರ್ಕೊಂಡು ಬಾ.

ಪರೀಕ್ಷೆಯಲ್ಲಿ ಇಬ್ಬರದೂ ಹೊಂದಿತು ಅಂತ ಡಾಕ್ಟರು ಹೇಳಿದ್ರು. ಅವರ ಖುಷಿ ನೋಡಬೇಕಿತ್ತು, ಅವರಿಗೇ ಅವಳಿ ಹುಟ್ಟಿದ ಹಾಗೆ. ಮೇ ತಿಂಗಳ ಮಧ್ಯಕ್ಕೆ ಬಾ. ಗುಂಡಿ ಇರೋ ಅಂಗಿ ಹಾಕ್ಕೊಂಡು ಬಾ, ತಲೆ ಮೇಲಿಂದ ಎಳೆದು ತೆಗೆಯೋದು ಬೇಡ.

ಚಿಕ್ಕೋನು


ಜೂನ್ 3

ದೊಡ್ಡೋನೇ,

ಹೊಲಿಗೆ ಬಿಚ್ಚಿಸಿದೆಯಾ? ಮಲಗುವಾಗ ಒತ್ತುತ್ತಾ? ಅಮ್ಮನಿಗೆ ಏನಂತ ಹೇಳಿದೆ?

ಅವತ್ತು ನೀನು ಬಂದಾಗ ಸ್ವಾಗತದ ಹುಡುಗಿ ನಿನ್ನನ್ನ ನೋಡಿ, "ಆಗಲೇ ಬೆಳೆದುಬಿಡ್ತಾ!" ಅಂದಳಲ್ಲ, ಇಡೀ ಆಸ್ಪತ್ರೆ ಇನ್ನೂ ಅದನ್ನೇ ಹೇಳಿಕೊಂಡು ನಗುತ್ತೆ. ನೀನೊಬ್ಬ ನಗಲಿಲ್ಲ. ನನ್ನ ತಲೆ ನೋಡ್ತಾ ನಿಂತಿದ್ದೆ. ಕಾಗದದಲ್ಲಿ ಓದಿದ್ದಕ್ಕೂ ಕಣ್ಣಲ್ಲಿ ನೋಡಿದ್ದಕ್ಕೂ ವ್ಯತ್ಯಾಸ ಇತ್ತು ಅಲ್ವಾ?

ಆಪರೇಷನ್ ಹೊತ್ತಲ್ಲಿ ನೀನು ಬೋರಲು ಮಲಗಿದ್ದೆ, ನಿನಗೆ ಏನೂ ಕಾಣ್ತಿರಲಿಲ್ಲ. ಎರಡು ಕೋಣೆ ಮಧ್ಯದ ಬಾಗಿಲು ಸ್ವಲ್ಪ ತೆರೆದಿತ್ತು, ನನಗೆ ಕಾಣ್ತಿತ್ತು. ಪಟ್ಟಿ ಕತ್ತರಿಸಿ ಟ್ರೇನಲ್ಲಿಟ್ರು. ನಾಲ್ಕು ಜನ ಹುಡುಗಿಯರು ಸೂಕ್ಷ್ಮದರ್ಶಕದ ಕೆಳಗೆ ಅದನ್ನ ಸೀಳಿ, ಒಂದೊಂದು ಬೇರನ್ನ ಬಿಡಿಸಿ, ತಣ್ಣನೆ ಉಪ್ಪುನೀರಿನ ತಟ್ಟೆಯಲ್ಲಿ ಸಾಲಾಗಿ ಇಟ್ರು. ಒಣಗಿದ್ರೆ ಸಾಯುತ್ತಂತೆ. ಅವರು ಸಿನಿಮಾ ಮಾತಾಡಿಕೊಂಡೇ ಕೆಲಸ ಮಾಡ್ತಿದ್ರು. ಡಾಕ್ಟರು ನನ್ನ ಕಲೆ ಮೇಲೆ ಸೂಜಿಯಲ್ಲಿ ತೂತು ಮಾಡಿ ಮಾಡಿ ಅವನ್ನ ಕೂರಿಸಿದ್ರು. ಸುಟ್ಟ ಚರ್ಮದಲ್ಲಿ ರಕ್ತ ಕಡಿಮೆ, ಅರ್ಧ ಹಿಡಿದ್ರೂ ಗೆದ್ದ ಹಾಗೆ ಅಂದ್ರು. ನನಗೆ ನೋವೇ ಆಗಲಿಲ್ಲ. ಪಕ್ಕದ ಕೋಣೆಯಿಂದ ನೀನು ನರಳೋದು ಕೇಳ್ತಿತ್ತು.

ಸಂಜೆ ಬೆಂಚಿನ ಮೇಲೆ ಇಬ್ಬರೂ ಬ್ಯಾಂಡೇಜ್ ಕಟ್ಕೊಂಡು ಟೀ ಕುಡಿದ್ವಿ. ನರ್ಸು ನಿನ್ನ ಹಿಂದಲೆಯ ಫೋಟೊ ತೆಗೆದು ತೋರಿಸಿದಾಗ, "ಹೊಲಿಗೆ ಪರವಾಗಿಲ್ಲ, ಇನ್ನೂ ಸ್ವಲ್ಪ ಸಣ್ಣಗೆ ಹಾಕಬಹುದಿತ್ತು" ಅಂದೆ. ಅಷ್ಟೇ ನೀನು ಆಡಿದ ಮಾತು. ಲೋಟ ಹಿಡಿದ ಕೈಯಲ್ಲಿ ಆ ಎರಡು ಬೆರಳು ನೆಟ್ಟಗೆ ನಿಂತಿದ್ವು. ನಾನು ಅವನ್ನೇ ನೋಡ್ತಿದ್ದದ್ದು ನಿನ್ನ ಕಣ್ಣಿಗೆ ಬಿತ್ತು.

ನೆಟ್ಟದ್ದೆಲ್ಲ ಈಗ ಉದುರ್ತಿದೆ. ಗಾಬರಿಯಾಗಿ ಓಡಿದೆ. ಕೂದಲು ಉದುರುತ್ತೆ, ಬೇರು ಇರುತ್ತೆ, ಕೆಲವು ತಿಂಗಳು ಕಾಯಬೇಕು ಅಂತ ಕಳಿಸಿದ್ರು.

ಚಿಕ್ಕೋನು


ಡಿಸೆಂಬರ್ 1

ದೊಡ್ಡೋನೇ,

ಜೂನ್ ಕಾಗದಕ್ಕೆ ಉತ್ತರ ಇಲ್ಲ, ಆಗಸ್ಟಿನದಕ್ಕೂ ಇಲ್ಲ. ಇರಲಿ, ಈ ಸುದ್ದಿ ಕೇಳು.

ಬಂತು ಕಣೋ! ಎಲ್ಲ ಕಡೆ ಅಲ್ಲ, ಕಿವಿ ಮೇಲೆ ತೆಳ್ಳಗಿದೆ. ಆದ್ರೆ ಮುಂದಲೆಯಲ್ಲಿ, ನೆತ್ತಿಯಲ್ಲಿ ಬಂದಿದೆ. ಮೊನ್ನೆ ಬಾಚಣಿಗೆ ಕೊಂಡೆ. ಅಂಗಡಿಯವನ ಮುಂದೇನೇ ಬಾಚಿಕೊಂಡೆ, ಅವನಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು. ಕೌಂಟರಿಗೆ ವಾಪಸ್ ಹಾಕಿದಾರೆ. ಒಂದು ಹೆಂಗಸು ರಸೀದಿ ತಗೊಂಡು ನನ್ನ ಮುಖ ನೋಡಿ ಸುಮ್ಮನೆ ಹೋದಳು. ಸುಮ್ಮನೆ ಹೋದಳು ಅನ್ನೋದೇ ದೊಡ್ಡ ವಿಷಯ.

ನೀನು ಹೇಳಿದ್ದು ನಾನು ಮರೆತಿಲ್ಲ, ಅಲ್ಲಿಗೆ ಬರಲ್ಲ. ಅಮ್ಮನ್ನ ಯಾವಾಗ ಕರ್ಕೊಂಡು ಬರ್ತೀಯ? ಕೋಣೆಗೆ ಸುಣ್ಣ ಹೊಡೆಸಿದೀನಿ. ಮೆಟ್ಟಿಲು ಹತ್ತೋಕೆ ಆಗಲ್ಲ ಅಂದ್ರೆ ಎತ್ಕೊಂಡು ಹೋಗ್ತೀನಿ.

ಚಿಕ್ಕೋನು


ಡಿಸೆಂಬರ್ 12

ಚಿಕ್ಕೋನಿಗೆ,

ಅಮ್ಮನನ್ನು ಕರೆದುಕೊಂಡು ಬರೋಕೆ ಆಗಲ್ಲ. ಅಕ್ಟೋಬರಿನಿಂದ ಮಲಗಿದ್ದಾಳೆ. ಕಾಲಿನಲ್ಲಿ ನೀರು, ಉಸಿರು ಸಾಲುತ್ತಿಲ್ಲ. ಬಸ್ಸು ಹತ್ತಿಸಿದರೆ ದಾರಿಯಲ್ಲೇ ಹೋಗುತ್ತಾಳೆ ಅಂತ ಡಾಕ್ಟರು ಹೇಳಿದರು. ನಿನ್ನ ಕಾಗದಗಳಿಗೆ ಏನು ಬರೆಯಲಿ ಅಂತ ಗೊತ್ತಾಗದೆ ಸುಮ್ಮನಿದ್ದೆ. ದಿನಾ ನಿನ್ನ ಹೆಸರು ಹಿಡಿದು ಕರೆಯುತ್ತಾಳೆ.

ಡ್ರೈವರನ ಹತ್ತಿರ ಹೋದೆ. ಚಿಕ್ಕೋನು ಒಂದು ದಿನ ಬಂದು ಅಮ್ಮನನ್ನು ನೋಡಿಕೊಂಡು ಹೋಗಲಿ ಅಂತ ಕೇಳಿದೆ. ತಮ್ಮಂದಿರು ಕೂಗಾಡಿದರು. ಅವನು, "ಬರಲಿ. ಮೊದಲು ನನ್ನ ಮುಂದೆ ಬಂದು ತಲೆ ತೋರಿಸಿ ಹೋಗಲಿ. ನೀನು ಓದಿದ್ದು ನಿಜ ಅಂತ ನಾನು ನೋಡಬೇಕು" ಅಂದ. ನಾಟಿಯ ಮಾತು ಎತ್ತೋಕೆ ನನಗೆ ಧೈರ್ಯ ಬರಲಿಲ್ಲ.

ಅದಕ್ಕೆ ಹೀಗೆ ಮಾಡು. ತಲೆ ಬೋಳಿಸಿಕೊಂಡು ಬಾ. ಕಲೆ ಕಾಣಿಸಬೇಕು. ಬೋಳಿಸಿದರೆ ಮತ್ತೆ ಬೆಳೆಯುತ್ತೆ ತಾನೇ? ಬೇರು ಇರುತ್ತೆ ಅಂತ ನೀನೇ ಬರೆದಿದ್ದೀಯ.

ಬೀದಿಯಲ್ಲಿ ಟೋಪಿ ಹಾಕಿಕೊಳ್ಳಬೇಡ. ಮನೆಯೊಳಗೆ ಬಂದ ಮೇಲೆ ಹಾಕಿಕೋ, ಅಮ್ಮನಿಗೆ ಕಾಣಿಸದ ಹಾಗೆ. ಚಳಿ ಅಂತ ಹೇಳೋಣ.

ಹೀಗೆ ಬರೆಯೋಕೆ ನನಗೂ ಆಗುತ್ತಿಲ್ಲ. ಬೇರೆ ದಾರಿ ಕಾಣಲಿಲ್ಲ. ಬೇಗ ಬಾ.

ದೊಡ್ಡೋನು


ಜನವರಿ 5

ದೊಡ್ಡೋನೇ,

ನೀನು ಮಾತ್ರೆ ತರೋಕೆ ಹೋಗಿ ಬರೋದ್ರೊಳಗೆ ನಾನು ಎದ್ದು ಬಂದುಬಿಟ್ಟೆ. ಸಿಟ್ಟಾಗಿರ್ತೀಯ. ನೀನು ಎರಡು ಸಲ ಫೋನ್ ಮಾಡಿದ್ದೆ, ನಾನೇ ಎತ್ತಲಿಲ್ಲ. ಈ ಮಾತು ಬಾಯಲ್ಲಿ ಹೇಳೋಕೆ ಬರಲ್ಲ.

ಇಲ್ಲಿಂದ ಹೊರಡುವಾಗ ಬೋಳಿಸೋನು, "ಇಷ್ಟು ಕಷ್ಟಪಟ್ಟು ಬೆಳೆಸಿದೀರಾ, ಯಾಕೆ ಸಾರ್?" ಅಂದ. "ಊರಿಗೆ ಹೋಗ್ಬೇಕಪ್ಪ" ಅಂದೆ. ಅವನಿಗೆ ಏನು ಅರ್ಥವಾಯ್ತೋ, ಕತ್ತಿನ ಸುತ್ತ ಬಟ್ಟೆ ಹೊದಿಸಿದ. ಕತ್ತರಿಸಿದ ಕೂದಲು ಬಟ್ಟೆ ಮೇಲೆ ಬಿದ್ದಿದ್ದನ್ನ ನೋಡಿದೆ. ನಿಂದು ಯಾವುದು, ನಂದು ಯಾವುದು ಅಂತ ಗೊತ್ತಾಗಲಿಲ್ಲ.

ಡ್ರೈವರ್ ಬಸ್ ಸ್ಟ್ಯಾಂಡಿನ ಟೀ ಅಂಗಡಿ ಬೆಂಚಿನ ಮೇಲೆ ಕೂತಿದ್ದ. ತಮ್ಮಂದಿರು ಹಿಂದೆ ನಿಂತಿದ್ರು. ಹೋಗಿ ಅವನ ಮುಂದೆ ತಲೆ ಬಗ್ಗಿಸಿದೆ. ಬಸ್ಸಿಗೆ ಕಾಯ್ತಿದ್ದವರೆಲ್ಲ ನೋಡ್ತಿದ್ರು. ಅವನು ಮುಖ ಹತ್ತಿರ ತಂದು, ಉಳಿದಿರೋ ಕಣ್ಣಲ್ಲಿ ನಿಧಾನವಾಗಿ ನೋಡಿದ. ಬೆರಳಿಂದ ಒತ್ತಿದ.

"ನೋಯುತ್ತಾ?"

"ಇಲ್ಲ. ಅಲ್ಲಿ ಏನೂ ಗೊತ್ತಾಗಲ್ಲ."

"ನನಗೂ ಅಷ್ಟೇ," ಅಂದ, ತನ್ನ ಎಡಗಣ್ಣಿನ ಗುಳಿ ಮುಟ್ಟಿಕೊಂಡು. "ಹೋಗು, ನಿಮ್ಮಮ್ಮನ್ನ ನೋಡ್ಕೋ."

ಕಿರಿಯ ತಮ್ಮ ಏನೋ ಅನ್ನೋಕೆ ಹೋದ. ಡ್ರೈವರ್ ಅವನನ್ನ ತಡೆದ. ಸುಳ್ಳು ತೋರಿಸಿ ಬಂದೆ ಅಂತ ನನಗೆ ಅನ್ನಿಸಲಿಲ್ಲ. ಕಲೆ ನಿಜವಾದದ್ದೇ.

ನೀನು ಬಾಗಿಲು ತೆಗೆದಾಗ ಅಮ್ಮ ನಿದ್ದೆಯಲ್ಲಿದ್ದಳು. ಟೋಪಿ ಹಾಕ್ಕೊಂಡು ಪಕ್ಕದಲ್ಲಿ ಕೂತೆ. ಎಷ್ಟು ಸಣ್ಣಗಾಗಿಬಿಟ್ಟಿದಾಳೆ, ಹೊದಿಕೆ ಕೆಳಗೆ ಯಾರೂ ಇಲ್ಲದ ಹಾಗೆ. ನೀನು ಹೋಗಿ ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟಳು.

"ದೊಡ್ಡೋನೇ, ಟೋಪಿ ಹಾಕ್ಕೊಂಡ್ಯಾ. ಒಳ್ಳೇದಾಯ್ತು, ಚಳಿ."

ಅಮ್ಮ ನಾವು ಹುಟ್ಟಿದಾಗಿಂದ ಒಂದು ಸಲಾನೂ ನಮ್ಮನ್ನ ಅದಲುಬದಲು ಮಾಡಿದವಳಲ್ಲ. ಅವಳ ಕಡೆ ಬಗ್ಗಿದೆ.

"ನಾನು ಚಿಕ್ಕೋನಮ್ಮ," ಅಂದೆ.

ನಕ್ಕಳು. ನಗೋಕೂ ಉಸಿರು ಸಾಲದೆ ಕೆಮ್ಮಿದಳು. "ಸಾಯೋಳಿಗೆ ಸಮಾಧಾನ ಮಾಡ್ತೀಯೇನೋ? ಅವನಾಗಿದ್ರೆ ಇಷ್ಟು ಹೊತ್ತು ಹೀಗೆ ಸುಮ್ನೆ ಕೂತಿರ್ತಿದ್ನಾ?"

"ನಿಜವಾಗ್ಲೂ ನಾನೇ ಅಮ್ಮ."

"ಹಂಗಾದ್ರೆ ಟೋಪಿ ತೆಗಿ. ಸುಳಿ ನೋಡ್ತೀನಿ. ಅವನದ್ದು ಎಡಕ್ಕೆ ತಿರುಗಿದೆ. ಕೂಸಾಗಿದ್ದಾಗ ಅದನ್ನ ನೋಡೇ ನಿಮಗೆ ಹಾಲು ಕುಡಿಸ್ತಿದ್ದೆ."

ಕೈ ಎತ್ತಿದಳು ಕಣೋ. ಆ ಕೈ ಟೋಪಿಯ ಅಂಚಿನವರೆಗೆ ಬಂತು. ಹಿಡಿದುಕೊಂಡೆ. ತೆಗೆದಿದ್ರೆ ಅಲ್ಲಿ ಸುಳಿ ಎಲ್ಲಿತ್ತು? ಅವಳ ಉಸಿರು ಸಿಳ್ಳೆ ಹಾಕ್ತಿತ್ತು. ಆ ಎದೆಗೆ ನಾನು ಇದನ್ನ ತೋರಿಸ್ಲಾ?

"ತಮಾಷೆಗೆ ಅಂದೆ ಅಮ್ಮ," ಅಂದೆ. "ನಾನು ದೊಡ್ಡೋನೇ."

"ಗೊತ್ತು," ಅಂದಳು. ನನ್ನ ಬಲಗೈ ತಗೊಂಡು ಆ ಎರಡು ಬೆರಳನ್ನ ಸವರಿದಳು. ನಾನು ಅವನ್ನ ನೆಟ್ಟಗೆ ಹಿಡಿದಿದ್ದೆ, ಮಡಚಲಿಲ್ಲ. ಸವರ್ತಾ ಸವರ್ತಾ, "ಅವನ ಮೇಲೆ ಸಿಟ್ಟು ಇಟ್ಕೋಬೇಡ. ಒಂದು ಕಾಗದ ಹಾಕು. ಅಮ್ಮ ಕರೀತಾಳೆ, ಬಾ ಅಂತ ಬರೆ" ಅಂದಳು. ಬರೀತೀನಿ ಅಂದೆ. ಮತ್ತೆ ನಿದ್ದೆ ಹೋದಳು. ಕೈ ಬಿಡಿಸ್ಕೊಂಡು ಎದ್ದೆ. ನೀನು ಬಂದು ಇಬ್ಬರೂ ಒಟ್ಟಿಗೆ ನಿಂತ್ರೆ ಟೋಪಿ ತೆಗೀಲೇಬೇಕಾಗ್ತಿತ್ತು.

ಕೂದಲು ಮೊಳೀತಿದೆ. ಕೈಗೆ ಚುಚ್ಚುತ್ತೆ. ಕಲೆ ಮುಚ್ಚೋಕೆ ಇನ್ನೂ ಎರಡು ಮೂರು ತಿಂಗಳು ಬೇಕು. ಡ್ರೈವರ್ ಈಗ ಕಲೆ ಮುಟ್ಟಿ ನೋಡಿದಾನೆ, ಕೂದಲು ಬಂದ ಮೇಲೆ ನಾನು ಬಂದ್ರೂ ನೀನು ಸುಳ್ಳು ಓದಿದೆ ಅನ್ನಲ್ಲ. ಅಲ್ಲಿವರೆಗೆ ಅವಳನ್ನ ಉಳಿಸ್ಕೋ. ಕೇಳಿದಾಗೆಲ್ಲ, ಕಾಗದ ಹಾಕಿದ್ದೆ, ಉತ್ತರ ಬಂತು, ಚಿಕ್ಕೋನು ಹೊರಟಿದಾನಂತೆ ಅಂತ ಹೇಳು. ನಂಬದಿದ್ರೆ ಈ ಕಾಗದ ದೂರದಿಂದ ತೋರಿಸು. ಓದಬೇಡ.

ಇಂತಿ,
ಚಿಕ್ಕೋನು